ಸೊನ್ನೆ ಬಿಲ್ಲಿನ ಕರೆಂಟಿಗೂ ಬೆಲೆ ಇದೆ



2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಜಾರಿಗೆ ಬಂದ ಮೇಲೆ ನಮ್ಮಲ್ಲಿ ಅನೇಕ ಮನೆಗಳಿಗೆ ಸೊನ್ನೆ ಬಿಲ್ ಬರುತ್ತಿದೆ. "ಹೆಂಗೂ ಪುಕ್ಕಟೆ, ಫ್ಯಾನ್ ತಿರುಗಲಿ ಬಿಡ್ರಿ" ಎಂಬ ಮಾತೂ ಕೇಳುತ್ತೇವೆ. ಆದರೆ ಬಿಲ್ ಸೊನ್ನೆಯಾದ ಮಾತ್ರಕ್ಕೆ ಕರೆಂಟಿನ ಬೆಲೆ ಸೊನ್ನೆಯೇ? ಈ ತಿಂಗಳ ಸಭೆಯಲ್ಲಿ ಇದನ್ನು ತಿಳಿಯೋಣ.

ಕಲ್ಲಿದ್ದಲಿನಿಂದ ಕರೆಂಟು

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವಾಗ ಕುಡತಿನಿ ಹತ್ತಿರ ಎತ್ತರದ ಚಿಮಣಿಗಳು ಕಾಣುತ್ತವೆ. ಅದೇ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಅದರ ಮೂರು ಘಟಕಗಳ ಸಾಮರ್ಥ್ಯ 1,700 ಮೆಗಾವ್ಯಾಟ್. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲೂ ಕಲ್ಲಿದ್ದಲಿನಿಂದ ವಿದ್ಯುತ್ ತಯಾರಾಗುತ್ತದೆ. ಕೆಲಸ ನಮ್ಮ ಒಲೆಯಂತೆಯೇ: ಕಲ್ಲಿದ್ದಲು ಉರಿಸಿ ನೀರು ಕಾಯಿಸುತ್ತಾರೆ, ಆವಿಯ ರಭಸಕ್ಕೆ ಚಕ್ರ ತಿರುಗುತ್ತದೆ, ಅದರಿಂದ ಕರೆಂಟು.

ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಹೊರಗಿನಿಂದ ತರಿಸಬೇಕು. ನಮ್ಮ ದೇಶದ ಕಲ್ಲಿದ್ದಲು 100 ಕಿಲೋ ಸುಟ್ಟರೆ 30ರಿಂದ 40 ಕಿಲೋ ಬೂದಿ ಉಳಿಯುತ್ತದೆ. ಸಿಮೆಂಟಿಗೆ, ಇಟ್ಟಿಗೆಗೆ ಹೋಗದೆ ಉಳಿದ ಬೂದಿ ಹೊಂಡ ಸೇರುತ್ತದೆ. ಅದು ಗಾಳಿಗೆ ಹಾರಿದರೆ ಸುತ್ತಲಿನವರಿಗೆ ಕೆಮ್ಮು, ದಮ್ಮು. ಹೊಗೆಯಿಂದ ಭೂಮಿಯ ಬಿಸಿ ಏರುತ್ತದೆ, ಮಳೆ ಲೆಕ್ಕ ತಪ್ಪುತ್ತದೆ. ಮಳೆ ಲೆಕ್ಕ ತಪ್ಪಿದರೆ ಕಂಪ್ಲಿಯ ಭತ್ತದ ಗತಿ ಏನು? ಬೆಲೆ ತೆರುವವರು ಇವರು.

ಬೇರೆ ದಾರಿಗಳು

ಹಂಪಿ ಹತ್ತಿರದ ಪವರ್ ಹೌಸ್ ತುಂಗಭದ್ರಾ ಕಾಲುವೆ ನೀರಿನಿಂದ ನಡೆಯುತ್ತದೆ. ಹೊಗೆ ಇಲ್ಲ, ಆದರೆ ಕಾಲುವೆಯಲ್ಲಿ ನೀರಿರಬೇಕು. ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರಗಳಿವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಸೂರ್ಯ ಮುಳುಗಿದ ಮೇಲೆ ಸೋಲಾರ್ ಕರೆಂಟು ಇಲ್ಲ, ಕೂಡಿಡಲು ದೊಡ್ಡ ಬ್ಯಾಟರಿ ಬೇಕು. ಆದ್ದರಿಂದ ಕಲ್ಲಿದ್ದಲು ಒಂದೇ ದಿನದಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಮಾತು ಗಮನಿಸಿ. ಪಾವಗಡದಲ್ಲಿ ಜಮೀನು ಇದ್ದವರಿಗೆ ವರ್ಷವರ್ಷ ಬಾಡಿಗೆ ಸಿಗುತ್ತದೆ. ಜಮೀನಿಲ್ಲದ ಕೂಲಿ ಹೆಂಗಸರಿಗೆ ಹೊಲದ ಕೆಲಸ ತಪ್ಪಿತು, ಕುರಿ ಮೇಯಿಸುವ ಜಾಗವೂ ಕಡಿಮೆಯಾಯಿತು. ಸ್ವಚ್ಛ ಕರೆಂಟು ಬೇಕೇ ಬೇಕು. ಆದರೆ ಅದು ಬಡವರ ಕೂಲಿ ಕಸಿಯಬಾರದು. ನಾಳೆ ನಮ್ಮೂರಿಗೂ ಜಮೀನು ಕೇಳಿಕೊಂಡು ಬಂದರೆ, "ಕೂಲಿಯವರಿಗೆ ಏನು ಕೆಲಸ ಕೊಡ್ತೀರಿ?" ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು.

ನಮ್ಮ ಕೈಯಲ್ಲಿರುವ ಲೆಕ್ಕ

75 ವ್ಯಾಟ್‌ನ ಹಳೇ ಫ್ಯಾನ್ ದಿನಕ್ಕೆ 10 ತಾಸು ತಿರುಗಿದರೆ ತಿಂಗಳಿಗೆ 22.5 ಯೂನಿಟ್. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಆದರೆ 9 ಯೂನಿಟ್. ಉಳಿತಾಯ 13.5 ಯೂನಿಟ್, ಅಂದರೆ 9 ಕಿಲೋಗೂ ಹೆಚ್ಚು ಕಲ್ಲಿದ್ದಲು. 15 ಮನೆಯ ಸಂಘಕ್ಕೆ ತಿಂಗಳಿಗೆ ಸುಮಾರು 140 ಕಿಲೋ! ಹಳೇ ಫ್ಯಾನ್ ಕೆಟ್ಟಾಗ ಹೊಸದನ್ನು ಕೊಳ್ಳುವ ಮುಂಚೆ ಎಷ್ಟು ವ್ಯಾಟ್ ಎಂದು ನೋಡಿ. ಗೃಹಜ್ಯೋತಿಯಲ್ಲೂ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಮರೆಯಬೇಡಿ.

ಚರ್ಚೆಗೆ

1. ನಿಮ್ಮ ಮನೆಯಲ್ಲಿ ಕಳೆದ ತಿಂಗಳು ಎಷ್ಟು ಯೂನಿಟ್? ಬಿಲ್ ತಂದು ಓದಿರಿ.
2. ಹೊಲಿಗೆ ಯಂತ್ರ, ರೊಟ್ಟಿ ಯಂತ್ರ ಸೋಲಾರ್‌ನಿಂದ ನಡೆಸಿದರೆ ಸಂಘದ ಸಾಲ ತೀರುವಷ್ಟು ದುಡಿಮೆ ಆಗುವುದೇ?
3. ಮುಂದಿನ ಗ್ರಾಮಸಭೆಯಲ್ಲಿ ಸಂಘದ ಪರವಾಗಿ ಯಾರು ಮಾತಾಡುತ್ತೀರಿ?

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.