ನೋಡಲು ಏನೂ ಇಲ್ಲದ ಊರುಗಳಲ್ಲಿ: ಹೊಸೂರು–ಕೃಷ್ಣಗಿರಿ ಅಲೆದಾಟದ ಏಳು ಪಾಠಗಳು

ಗೊತ್ತಿಲ್ಲದ ದೇಶಗಳಲ್ಲಿ ತಿಂಗಳುಗಟ್ಟಲೆ ಸುತ್ತಬೇಕೆನ್ನುವವರು ನನ್ನ ಬಳಿ ವೀಸಾ, ವಿಮೆಯ ವಿಚಾರ ಎತ್ತುತ್ತಾರೆ. ಮೊದಲು ಅತ್ತಿಬೆಲೆ ದಾಟಿ ಎನ್ನುತ್ತೇನೆ ನಾನು. ಬೆಂಗಳೂರಿನಿಂದ 40 ಕಿ.ಮೀ. ದೂರದ, ತಮಿಳುನಾಡಿನ ಹೊಸೂರನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಹೆದ್ದಾರಿಯ ಮೇಲಿಂದ ಮಾತ್ರ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಯ ಒಳಊರುಗಳಲ್ಲಿ ಪ್ರವಾಸಿಗರಿಗೆಂದು ಮಾಡಿಟ್ಟಿರುವುದು ಬಹಳ ಕಡಿಮೆ. ಅಲ್ಲಿನ ಜನ ತಮಗಾಗಿ ಮಾಡಿಕೊಂಡ ವ್ಯವಸ್ಥೆಯೊಳಗೇ ನಾವು ಜಾಗ ಹುಡುಕಿಕೊಳ್ಳಬೇಕು. ಅದು ರೂಢಿಯಾದವರು ಎಲ್ಲಿ ಬೇಕಾದರೂ ಓಡಾಡಬಲ್ಲರು.

1. ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಡೆಂಕಣಿಕೋಟೆ, ಅಂಚೆಟ್ಟಿ, ತಳಿ ಕಡೆಯ ಹಳ್ಳಿಗಳಿಗೆ ಬಸ್ಸುಗಳಿರುವುದು ಶಾಲೆ, ಕಾರ್ಖಾನೆ, ಮಾರುಕಟ್ಟೆಯ ಹೊತ್ತಿಗೆ. ಹತ್ತಿದ ಕೂಡಲೇ ಕಂಡಕ್ಟರನ್ನು ಎರಡು ಮಾತು ಕೇಳಿ: ವಾಪಸು ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ತಪ್ಪಿದರೆ ಏನು ದಾರಿ? ಕರ್ನಾಟಕದಲ್ಲಿ ಹೆಂಗಸರಿಗಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಗಡಿಯಲ್ಲಿ ಮುಗಿಯುತ್ತದೆ. ಆಚೆಗೆ ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ 2021ರಿಂದ ಹೆಂಗಸರು ದುಡ್ಡು ಕೊಡಬೇಕಿಲ್ಲ. ಬೆಂಗಳೂರು–ಸೇಲಂ ರೈಲು ಹೊಸೂರು, ಕೆಳಮಂಗಲ, ರಾಯಕೋಟೆ ಮೂಲಕ ಹೋಗುತ್ತದೆ. ಜಿಲ್ಲಾ ಕೇಂದ್ರವಾದ ಕೃಷ್ಣಗಿರಿಗೆ ಮಾತ್ರ ರೈಲಿಲ್ಲ.

2. ಸಂತೆಯ ದಿನ ಕಾಲಿಡಿ

ಪೋಚಂಪಳ್ಳಿಯ ಸಂತೆ ಭಾನುವಾರ. ಅಂದು ಬಸ್ಸು ಹೆಚ್ಚು, ಹೋಟೆಲಿನಲ್ಲಿ ಊಟ ಬಿಸಿ, ಸುತ್ತ ಹತ್ತೂರಿನವರು ಸೇರಿರುವುದರಿಂದ ಹೊಸ ಮುಖವನ್ನು ಯಾರೂ ದಿಟ್ಟಿಸುವುದಿಲ್ಲ. ದನದ ವ್ಯಾಪಾರದ ಪಕ್ಕ ಸುಮ್ಮನೆ ನಿಂತರೂ ಆ ವರ್ಷದ ಮಳೆ, ಮೇವು, ಸಾಲದ ಸ್ಥಿತಿ ಕಿವಿಗೆ ಬೀಳುತ್ತದೆ. ಕಿರ್ಗಿಸ್ತಾನದ ಕರಾಕೋಲ್‌ನಲ್ಲೂ ಭಾನುವಾರವೇ ಜಾನುವಾರು ಸಂತೆ. ಅಲ್ಲಿಗೂ ಇದೇ ಮಾತು. ಯಾರೊಂದಿಗಾದರೂ ಕೂತು ಮಾತಾಡಬೇಕಿದ್ದರೆ ಮಾತ್ರ ಸಂತೆಯ ಮಾರನೆಯ ದಿನ ಹೋಗಿ.

3. ಭಾಷೆಯನ್ನು ಊರು ನೋಡಿ ಆರಿಸಿ

ತಳಿ, ಅಂಚೆಟ್ಟಿ ಕಡೆ ಕನ್ನಡ ಚೆನ್ನಾಗಿ ನಡೆಯುತ್ತದೆ. ಹೊಸೂರು, ಬಾಗಲೂರು ಸುತ್ತ ತೆಲುಗು ಹೆಚ್ಚು. ಕೃಷ್ಣಗಿರಿಯಿಂದ ಪೂರ್ವಕ್ಕೆ ತಮಿಳು, ಪೇಟೆಯ ಅಂಗಡಿಬೀದಿಗಳಲ್ಲಿ ಉರ್ದು. ಬಸ್ಸಿನ ಬೋರ್ಡು ಮಾತ್ರ ಎಲ್ಲೆಡೆ ತಮಿಳು. ಹೊರಡುವ ಮುನ್ನ ತಮಿಳು ಅಕ್ಷರ ಕಲಿಯಿರಿ. ಕ–ಗ, ತ–ದ, ಪ–ಬ ಜೋಡಿಗಳಿಗೆ ಒಂದೊಂದೇ ಅಕ್ಷರ ಇರುವುದರಿಂದ ಕಲಿಯಬೇಕಾದದ್ದು ಕಡಿಮೆ. ಕನ್ನಡ ಕೇಳಿದ ಖುಷಿಗೆ ‘ನೀವು ಕರ್ನಾಟಕಕ್ಕೆ ಸೇರಬೇಕಿತ್ತು’ ಎನ್ನಬೇಡಿ. ತಮಿಳುನಾಡಿನ 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾದ ಮೇಲೆ ಇಲ್ಲಿನ ಕನ್ನಡದ ಮನೆಗಳಿಗೆ ಭಾಷೆಯೆಂಬುದು ಮಕ್ಕಳ ಪರೀಕ್ಷೆಯ, ನೌಕರಿಯ ಪ್ರಶ್ನೆ. ಅವರಾಗಿ ಮಾತೆತ್ತಿದರೆ ಕೇಳಿಸಿಕೊಳ್ಳಿ.

4. ರಾಗಿ ಬಲಿತಾಗ ಕತ್ತಲಾಗುವ ಮೊದಲೇ ಊರು ಸೇರಿ

ಮಳೆಗಾಲ ಮುಗಿದು ರಾಗಿ ತೆನೆ ಕಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಆನೆಗಳು ತಳಿ, ಜವಳಗಿರಿ ಕಾಡಿನ ಮೂಲಕ ಹೊಸೂರಿನ ಪಕ್ಕದ ಸಾನಮಾವಿನವರೆಗೂ ಬರುತ್ತವೆ. ರೈತರು ರಾತ್ರಿಯಿಡೀ ಹೊಲ ಕಾಯುವ ಕಾಲವಿದು. ನಸುಕಿನ ನಡಿಗೆ, ಸಂಜೆಯ ಬೈಕು ಸವಾರಿ ಎರಡನ್ನೂ ಬಿಟ್ಟುಬಿಡಿ. ಆನೆ ಯಾವ ಕಡೆ ಇದೆ ಎಂಬ ಸುದ್ದಿ ಮೊಬೈಲಿಗಿಂತ ಮೊದಲು ಚಹಾ ಅಂಗಡಿಗೆ ಬರುತ್ತದೆ. 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ನಡೆಯಬೇಡಿ.

5. ದುಡಿಯಲು ಬಂದವರು ತಂಗುವಲ್ಲಿ ತಂಗಿ

ಹಳ್ಳಿಯಲ್ಲಿ ಬಾಡಿಗೆ ಕೋಣೆ ಸಿಗುವುದು ಕಷ್ಟ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿರುವ ಹೊಸೂರಿನಲ್ಲಿ ಮೆಕ್ಯಾನಿಕ್‌ಗಳು, ಸೇಲ್ಸ್‌ನವರು ಉಳಿಯುವ ಲಾಡ್ಜು, ಉಣ್ಣುವ ಮೆಸ್ಸುಗಳಿವೆ. ವಾರದ ಬಾಡಿಗೆ ಮಾತಾಡಿಕೊಳ್ಳಿ. ಯಾವ ದೇಶದಲ್ಲೇ ಆಗಲಿ, ಲಾರಿಯವರು ಮಲಗುವ ಬೀದಿಯಲ್ಲಿ ಊಟವೂ ಅಗ್ಗ, ದಾರಿಯ ಸುದ್ದಿಯೂ ನಿಖರ. ಹಳ್ಳಿಯಲ್ಲಿ ಯಾರಾದರೂ ಮನೆಗೆ ಕರೆದು ಊಟಕ್ಕಿಟ್ಟರೆ ದುಡ್ಡು ಚಾಚಬೇಡಿ. ಹಣ್ಣು, ಹೂವು, ಮಕ್ಕಳಿಗೆ ಬಿಸ್ಕತ್ತು ಸಾಕು.

6. ಕಲ್ಲು ನೋಡುವ ಮುನ್ನ ಮ್ಯೂಸಿಯಂ ನೋಡಿ

ಈ ಜಿಲ್ಲೆಯ ತುಂಬ ವೀರಗಲ್ಲುಗಳು. ಕೆಲವುಗಳ ಮೇಲೆ ಕನ್ನಡ ಬರಹವೂ ಇದೆ. ಮಲ್ಲಸಂದ್ರದ ಗುಡ್ಡದ ಮೇಲೆ ಪುಟ್ಟ ಮನೆಗಳಂತೆ ಕಾಣುವ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಬರಗೂರು ಕಡೆಯ ಮಯಿಲಾಡುಂಪಾರೆಯ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ಕಾಲ ಕ್ರಿ.ಪೂ. 2172 ಎಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ರಾಯಕೋಟೆ, ಕೃಷ್ಣಗಿರಿಯ ಕೋಟೆಗಳಿದ್ದ ಬಾರಾಮಹಲ್ ಸೀಮೆಯನ್ನು ಟಿಪ್ಪು 1792ರ ಒಪ್ಪಂದದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆದು ಹೋದರೆ ಹೊಲದ ಬದುವಿನಲ್ಲಿ ನಿಂತ ಕಲ್ಲು ಗುರುತು ಸಿಗುತ್ತದೆ. ಎಷ್ಟೋ ವೀರಗಲ್ಲುಗಳಿಗೆ ಈಗಲೂ ಪೂಜೆಯಿದೆ. ಚಪ್ಪಲಿ ಬಿಟ್ಟು, ಹೊಲದವರನ್ನು ಕೇಳಿ ಹತ್ತಿರ ಹೋಗಿ.

7. ಗಡಿ ಮುಚ್ಚಿದರೆ ಯಾವ ದಾರಿ ಎಂದು ತಿಳಿದಿರಿ

ಕಾವೇರಿಯಿಂದ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಅದನ್ನು ಅಳೆಯುವ ಬಿಳಿಗುಂಡ್ಲು ಕೇಂದ್ರ ಇರುವುದು ಅಂಚೆಟ್ಟಿ ದಾಟಿದ ಮೇಲೆ. ಮಳೆ ಕೈಕೊಟ್ಟ ವರ್ಷ ಆ ಅಳತೆಯ ಬಿಸಿ ಹೊಸೂರಿನ ರಸ್ತೆಗೂ ತಟ್ಟುತ್ತದೆ. 2016ರ ಸೆಪ್ಟೆಂಬರಿನಲ್ಲಿ ಬಸ್ಸುಗಳು ಗಡಿಯಲ್ಲೇ ನಿಂತು, ಜನ ಗಂಟುಮೂಟೆ ಹೊತ್ತು ಅತ್ತಿಬೆಲೆ–ಜೂಜುವಾಡಿ ನಡುವೆ ನಡೆದರು. ಅಂಥ ದಿನ ಕೃಷ್ಣಗಿರಿಯಿಂದ ಆಂಧ್ರದ ಕುಪ್ಪಂ ತಲುಪಿದರೆ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ರೈಲಿದೆ. ಯಾವ ನಾಡಿಗೆ ಹೋದರೂ ಬಂದ ದಾರಿಯಲ್ಲದೆ ಇನ್ನೊಂದು ದಾರಿ ತಿಳಿದಿರಬೇಕು.

ಇಷ್ಟಾದ ಮೇಲೂ ‘ಇಲ್ಲಿ ನೋಡಲು ಏನಿದೆ?’ ಎಂದು ಕೇಳಿದರೆ ಎಲ್ಲರೂ ಹೊಗೇನಕಲ್ ಜಲಪಾತದ ಕಡೆ ಕೈ ತೋರಿಸುತ್ತಾರೆ. ಪ್ರಶ್ನೆಯನ್ನೇ ಬದಲಿಸಿ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಳೆ, ನೇಯ್ಗೆ, ಕಬ್ಬಿಣ ಕರಗಿಸುವ ಬಗೆಯನ್ನು ಕೇಳುತ್ತಾ ಹೋದ. ಕಂಪನಿಯ ಲಾಭಕ್ಕೆ ಕೇಳಿದ್ದಾದರೂ ಕೇಳುವ ಕ್ರಮ ಸರಿಯಾಗಿತ್ತು. ನೀವೂ ಮಾವಿನ ಕಾಲದಲ್ಲಿ ಹೋಗಿ, ತೋತಾಪುರಿಗೆ ಈ ಸಲ ಏನು ಬೆಲೆ ಎಂದು ಕೇಳಿ. ತೋಟ, ಮಂಡಿ, ತಿರುಳು ತೆಗೆಯುವ ಕಾರ್ಖಾನೆ ಎಂದು ಒಬ್ಬರು ಇನ್ನೊಬ್ಬರ ಬಳಿಗೆ ಕಳಿಸುತ್ತಾರೆ; ಒಂದು ವಾರಕ್ಕೆ ಬೇಕಾದಷ್ಟು ಕೆಲಸವಾಗುತ್ತದೆ.