ಈರುಳ್ಳಿ ಎಲೆ ಕಂದಿದಾಗ: ಸಿಂಪರಣೆಗೆ ಮುನ್ನ ಪರೀಕ್ಷೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮುಂಗಾರು ಈರುಳ್ಳಿಯನ್ನು ಹೆಚ್ಚಾಗಿ ಮಳೆಯಾಶ್ರಯದಲ್ಲಿ, ನೇರವಾಗಿ ಬಿತ್ತಿ ಬೆಳೆಯುತ್ತಾರೆ. ಗಡ್ಡೆಗೆ ಬೇಕಾದ ಆಹಾರ ತಯಾರಾಗುವುದು ಎಲೆಯಲ್ಲಿ. ಗಡ್ಡೆ ಕಟ್ಟುವ ಹೊತ್ತಿಗೆ ಎಲೆ ಕಂದಿ ಒಣಗಿದರೆ ಗಡ್ಡೆ ಗೋಲಿ ಗಾತ್ರದಲ್ಲೇ ಉಳಿದು, ಹಾಕಿದ ಖರ್ಚೂ ಹುಟ್ಟುವುದಿಲ್ಲ. ಹಾಗೆಂದು ಎಲೆ ಕಂದಿದ ಕೂಡಲೇ ಕೈಗೆ ಸಿಕ್ಕ ಔಷಧಿ ಸಿಂಪಡಿಸುವುದು ಸರಿಯಲ್ಲ. ಎಲೆ ಕಂದಲು ಮುಖ್ಯವಾಗಿ ಮೂರು ಕಾರಣಗಳಿವೆ. ಮೂರಕ್ಕೂ ಉಪಾಯ ಬೇರೆ ಬೇರೆ.

ಗುರುತಿಸುವ ಬಗೆ

1. ತೇವದ ಕೊರತೆ: ಹಳೆಯ ಎಲೆಗಳ ತುದಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಮಚ್ಚೆಗಳಿರುವುದಿಲ್ಲ.

2. ಥ್ರಿಪ್ಸ್ ಕೀಟ: ಸುಳಿಯ ಎಲೆಗಳನ್ನು ಬಿಡಿಸಿದರೆ ಬುಡದಲ್ಲಿ ಹಳದಿ ಬಣ್ಣದ ಅತಿ ಸಣ್ಣ ಕೀಟಗಳು ಕಾಣುತ್ತವೆ. ಇವು ಎಲೆ ಕೆರೆದು ರಸ ಹೀರುವುದರಿಂದ ಬೆಳ್ಳಿಯಂಥ ಚುಕ್ಕೆಗಳು ಮೂಡಿ, ತುದಿ ಒಣಗಿ ಮುರುಟುತ್ತದೆ. ಒಣ ಹವೆಯಲ್ಲಿ ಬಾಧೆ ಹೆಚ್ಚು.

3. ನೇರಳೆ ಮಚ್ಚೆ ರೋಗ: ಆಲ್ಟರ್ನೇರಿಯಾ ಪೊರೈ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಮೊದಲು ತಗ್ಗಾದ ಸಣ್ಣ ಬಿಳಿ ಚುಕ್ಕೆ, ನಂತರ ನೇರಳೆ ನಡುಭಾಗ, ಸುತ್ತ ಹಳದಿ ಅಂಚು. ಮಚ್ಚೆ ಎಲೆಯನ್ನು ಸುತ್ತುವರಿದಾಗ ಎಲೆ ಅಲ್ಲೇ ಬಾಗಿ ಮುರಿಯುತ್ತದೆ. ಮೋಡ, ತುಂತುರು ಮಳೆ ಇದ್ದಾಗ ಬೇಗ ಹರಡುತ್ತದೆ.

ಥ್ರಿಪ್ಸ್ ಮಾಡಿದ ಗಾಯಗಳ ಮೂಲಕ ಈ ಶಿಲೀಂಧ್ರ ಸುಲಭವಾಗಿ ಒಳಹೊಗುತ್ತದೆ. ಆದ್ದರಿಂದ ಕೀಟವನ್ನು ಅಲಕ್ಷಿಸಿ ರೋಗಕ್ಕಷ್ಟೇ ಸಿಂಪಡಿಸಿದರೆ ಪೂರ್ಣ ಫಲ ಸಿಗದು.

ಹತೋಟಿ ಕ್ರಮಗಳು

ತೇವ ಕಡಿಮೆಯಾಗಿದ್ದರೆ ಕಳೆ ತೆಗೆದು, ಅನುಕೂಲವಿದ್ದಲ್ಲಿ ನೀರು ಕೊಡಬೇಕು. ಔಷಧಿ ಬೇಕಿಲ್ಲ.

ಥ್ರಿಪ್ಸ್ ತಡೆಯಲು ಹೊಲದ ಸುತ್ತ ಎರಡು ಸಾಲು ಮುಸುಕಿನ ಜೋಳವನ್ನು ದಟ್ಟವಾಗಿ, ಈರುಳ್ಳಿಗಿಂತ ಮುಂಚಿತವಾಗಿ ಬಿತ್ತಬೇಕು. ಗಿಡವೊಂದಕ್ಕೆ ಸರಾಸರಿ 30 ಕೀಟ ಕಂಡುಬಂದರೆ ಮಾತ್ರ ಶಿಫಾರಸಾದ ಕೀಟನಾಶಕ ಬಳಸಬೇಕು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ಪಡೆಯಬಹುದು.

ನೇರಳೆ ಮಚ್ಚೆ ಕಂಡ ಕೂಡಲೇ ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಿ, ಅಗತ್ಯವಿದ್ದರೆ 10-15 ದಿನಗಳ ನಂತರ ಪುನರಾವರ್ತಿಸಬೇಕು. ಈರುಳ್ಳಿ ಎಲೆ ಮೇಣದಂತೆ ನುಣುಪಾದ್ದರಿಂದ ಅಂಟು ದ್ರಾವಣ ಸೇರಿಸದಿದ್ದರೆ ಔಷಧಿ ಜಾರಿ ನೆಲಕ್ಕೆ ಬೀಳುತ್ತದೆ. ಹೊಲದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯಬೇಕು. ಯೂರಿಯಾ ಅತಿಯಾಗಿ ಹಾಕಬಾರದು. ರೋಗದ ಎಲೆಗಳನ್ನು ಆರಿಸಿ ಸುಡಬೇಕು. ಮುಂದಿನ ವರ್ಷ ಅದೇ ಹೊಲದಲ್ಲಿ ರಾಗಿ ಅಥವಾ ಜೋಳ ಬೆಳೆಯುವುದು ಒಳ್ಳೆಯದು. ರೋಗವನ್ನು ಸ್ವಲ್ಪಮಟ್ಟಿಗೆ ತಡೆದುಕೊಳ್ಳುವ ‘ಅರ್ಕಾ ಕಲ್ಯಾಣ್’ ತಳಿ ಮುಂಗಾರಿಗೆ ಸೂಕ್ತ.

ಬಲಿತ ಬೆಳೆಯಲ್ಲಿ ಕುತ್ತಿಗೆ ಮೆತ್ತಗಾಗಿ ಎಲೆ ಬಾಗಿ ಒಣಗುವುದು ಸಹಜ. ಅರ್ಧದಷ್ಟು ಗಿಡಗಳು ಹೀಗೆ ಬಾಗಿದಾಗ ಬೇಕಾದುದು ಸಿಂಪರಣೆಯಲ್ಲ, ಕೊಯ್ಲಿನ ಸಿದ್ಧತೆ.