ಥೈರಾಯ್ಡ್ ಗ್ರಂಥಿಯ ಅಲ್ಪನ್ಯೂನತೆಯೂ ಹೃದಯದ ಯೋಗಕ್ಷೇಮವೂ

ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡಂತೆ, ಚಿಟ್ಟೆಯ ಆಕಾರದ ಪುಟ್ಟ ಗ್ರಂಥಿಯೊಂದಿದೆ, ಅದೇ ಥೈರಾಯ್ಡ್. 1656ರಲ್ಲಿ ಆಂಗ್ಲ ವೈದ್ಯ ಥಾಮಸ್ ವಾರ್ಟನ್ ಗ್ರೀಕರ 'ಗುರಾಣಿ' ಎಂಬರ್ಥದ ಪದದಿಂದ ಈ ಹೆಸರನ್ನು ರೂಪಿಸಿದನು. ಭಾರತೀಯ ವೈದ್ಯಶಾಸ್ತ್ರಕ್ಕೆ ಈ ಸ್ಥಾನದ ಊತವು 'ಗಳಗಂಡ'ವೆಂಬ ಹೆಸರಿನಿಂದ ಪರಿಚಿತ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅದರ ಲಕ್ಷಣಗಳ ನಿರೂಪಣೆಯಿದೆ. ಆದರೆ ಊತವೇ ಇಲ್ಲದೆ, ಹೊರಗೆ ಯಾವ ಗುರುತೂ ತೋರದೆ ಈ ಗ್ರಂಥಿ ಸೊರಗುವುದುಂಟು. ಇಂಥ ಅಲ್ಪನ್ಯೂನತೆಗೂ ಹೃದಯಕ್ಕೂ ಇರುವ ಸಂಬಂಧವು ವಿಚಾರಾರ್ಹವಾದುದು.

ಈ ಗ್ರಂಥಿಯಿಂದ ಸ್ರವಿಸುವ ಥೈರಾಕ್ಸಿನ್ ಎಂಬ ರಸವು ದೇಹದ ಅಂಗಾಂಗಗಳ ಕಾರ್ಯವೇಗವನ್ನು ನಿಯಮಿಸುತ್ತದೆ. ಗ್ರಂಥಿಯನ್ನು ಪ್ರಚೋದಿಸುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳುಹಿಸುವ ಟಿ.ಎಸ್.ಎಚ್. ಎಂಬ ಮತ್ತೊಂದು ರಸ. ಕಬ್ಬಿನ ಗಾಡಿಯ ದೃಷ್ಟಾಂತದಿಂದ ಇದು ಸ್ಪಷ್ಟವಾದೀತು. ಎತ್ತು ದಣಿದಿದ್ದರೂ ಗಾಡಿಯು ಹೊತ್ತಿಗೆ ಸರಿಯಾಗಿ ಕಾರ್ಖಾನೆಯನ್ನು ಮುಟ್ಟಬಹುದು; ಆದರೆ ಗಾಡಿ ಹೊಡೆಯುವವನು ಬಾರುಕೋಲನ್ನು ಮೇಲಿಂದ ಮೇಲೆ ಎತ್ತಬೇಕಾಗುತ್ತದೆ. ಅಂತೆಯೇ ರಕ್ತದಲ್ಲಿ ಥೈರಾಕ್ಸಿನ್ ಸರಿಯಾದ ಪ್ರಮಾಣದಲ್ಲಿದ್ದು, ಟಿ.ಎಸ್.ಎಚ್. ಮಾತ್ರ ಲೀಟರಿಗೆ ಸುಮಾರು 4.5 ಮಿಲಿ ಯೂನಿಟ್ಟುಗಳನ್ನು ಮೀರಿದ್ದರೆ ಅದನ್ನು ಅಲ್ಪನ್ಯೂನತೆಯೆಂದು ಗಣಿಸುವುದು ವಾಡಿಕೆ. ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಸುಮಾರು 8 ಜನರಿಗೆ ಇದು ಕಂಡುಬಂದಿತು.

ಥೈರಾಕ್ಸಿನ್ ಪ್ರಭಾವ ಕುಂದಿದಾಗ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಸೆಳೆದುಕೊಳ್ಳುವ ಯಕೃತ್ತಿನ ಶಕ್ತಿಯು ತಗ್ಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಎರಡು ಬಡಿತಗಳ ನಡುವೆ ಹೃದಯವು ಸಡಿಲಗೊಳ್ಳುವುದು ನಿಧಾನವಾಗುತ್ತದೆ. ಹಾಗೆಂದು ಅಲ್ಪನ್ಯೂನತೆಯುಳ್ಳವರೆಲ್ಲರೂ ಹೃದ್ರೋಗಿಗಳಾಗುವರೆಂದು ಭಾವಿಸಲಾಗದು. ಹಲವು ದೇಶಗಳ 55,287 ಜನರ ವಿವರಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿ.ಎಸ್.ಎಚ್. 10ನ್ನು ಮುಟ್ಟಿದ ಅಥವಾ ಮೀರಿದವರಲ್ಲಿ ಹೃದಯಾಘಾತದಂತಹ ತೊಂದರೆಗಳು ಹೆಚ್ಚಾಗಿ ಕಂಡುಬಂದವು; 7ರೊಳಗಿದ್ದವರಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗವು 65 ವರ್ಷ ಮೀರಿದ 737 ಜನರನ್ನು ಕುರಿತದ್ದು. ಅಲ್ಲಿ ಥೈರಾಕ್ಸಿನ್ ಗುಳಿಗೆ ಸೇವಿಸಿದವರ ಆಯಾಸವು ಔಷಧವಿಲ್ಲದ ಹುಸಿಗುಳಿಗೆ ಸೇವಿಸಿದವರಿಗಿಂತ ಹೆಚ್ಚಾಗಿ ತಗ್ಗಲಿಲ್ಲ. ಆದುದರಿಂದ ನ್ಯೂನತೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಅದು ಎಷ್ಟಿದೆ, ಯಾವ ವಯಸ್ಸಿನವರಿಗಿದೆ ಎಂಬ ವಿವೇಚನೆಯೇ ಮುಖ್ಯ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯು ದುಡಿಮೆಗೆ ಹೆಸರಾದುದು. ಮಗ್ಗದ ಮುಂದೆ ಕುಳಿತ ನೇಕಾರನ ದಣಿವು, ಕಬ್ಬಿನ ಹೊಲದಲ್ಲಿ ದುಡಿಯುವ ತಾಯಿಯ ಮೈಭಾರ, ನಿವೃತ್ತ ಶಿಕ್ಷಕರ ಮರೆವು ಇವೆಲ್ಲವೂ ದುಡಿಮೆಯ ಇಲ್ಲವೆ ವಯಸ್ಸಿನ ಫಲವೆಂದು ತೋರುವುದು ಸಹಜ. ಹಲವು ವೇಳೆ ಅದು ನಿಜವೂ ಹೌದು. ಆದರೆ ಮಲಬದ್ಧತೆ, ಚಳಿ ತಾಳದಿರುವುದು, ಒಣಚರ್ಮ, ಏರಿದ ಕೊಲೆಸ್ಟರಾಲ್ ಇವು ಜೊತೆಗೂಡಿದಾಗ ಒಂದು ರಕ್ತಪರೀಕ್ಷೆಯನ್ನು ಮಾಡಿಸುವುದು ಲೇಸು. ಸ್ತ್ರೀಯರಲ್ಲಿ ಈ ನ್ಯೂನತೆ ಹೆಚ್ಚು. ಗರ್ಭಿಣಿಯರ ವಿಷಯದಲ್ಲಂತೂ ವೈದ್ಯರ ಸಲಹೆಗೆ ತಡಮಾಡಲಾಗದು.

ಉಪೇಕ್ಷೆಯಂತೆಯೇ ಆತುರವೂ ಹಾನಿಕರ. ಟಿ.ಎಸ್.ಎಚ್. ತಾತ್ಕಾಲಿಕವಾಗಿ ಏರಿ ತಾನಾಗಿಯೇ ಇಳಿಯುವುದುಂಟು. ಆದುದರಿಂದ ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಳಿಕ ಪುನಃ ಪರೀಕ್ಷಿಸಿ ನಿರ್ಣಯಿಸುವುದು ಕ್ರಮ. ಅಗತ್ಯಕ್ಕಿಂತ ಹೆಚ್ಚಿನ ಥೈರಾಕ್ಸಿನ್ ಹೃದಯದ ಲಯವನ್ನು ಕೆಡಿಸಬಲ್ಲದು, ಮೂಳೆಗಳನ್ನು ಸವೆಸಬಲ್ಲದು. ಹೃದ್ರೋಗವುಳ್ಳ ವೃದ್ಧರಿಗೆ ಔಷಧವು ಬೇಕಾದಾಗಲೂ ವೈದ್ಯರು ಅಲ್ಪಮಾತ್ರೆಯಿಂದಲೇ ಆರಂಭಿಸುತ್ತಾರೆ. ಉಪ್ಪನ್ನು ಹೆಚ್ಚಾಗಿ ತಿಂದರೆ ಗ್ರಂಥಿ ಚೇತರಿಸುವುದೆಂಬ ನಂಬಿಕೆಯೂ ಸಲ್ಲದು. ಅಯೋಡಿನ್ ಬೆರೆಸಿದ ಉಪ್ಪು ದೊರೆಯುವಲ್ಲಿ ದೇಹದ ರಕ್ಷಣಾಶಕ್ತಿಯೇ ಗ್ರಂಥಿಯ ಮೇಲೆ ಎರಗುವುದು ಈ ನ್ಯೂನತೆಗೆ ಮುಖ್ಯ ಕಾರಣವಾಗಿದೆ. ಅತಿಯಾದ ಉಪ್ಪಿನಿಂದ ರಕ್ತದೊತ್ತಡ ಏರುವುದಷ್ಟೇ ಫಲ.

ತಂಬಾಕಿನ ತ್ಯಾಗ, ರಕ್ತದೊತ್ತಡ ಮತ್ತು ಮಧುಮೇಹಗಳ ಹತೋಟಿ, ನಿತ್ಯದ ನಡಿಗೆ ಇವು ಹೃದಯಕ್ಕೆ ಎಂದಿಗೂ ಹಿತ. ಇವುಗಳ ಜೊತೆಗೆ ಥೈರಾಯ್ಡಿನ ಅಲ್ಪನ್ಯೂನತೆಯನ್ನೂ ಭಯವಿಲ್ಲದೆ, ಅಲಕ್ಷ್ಯವಿಲ್ಲದೆ ಗಮನಿಸುವುದು ವಿವೇಕಿಗಳ ಮಾರ್ಗ. ಶಾಲೆಯಲ್ಲಿ ಬೋಧಿಸುವವರು ಮನೆಯ ಹಿರಿಯರಿಗೂ ಈ ವಿಷಯವನ್ನು ತಿಳಿಯಹೇಳಿದರೆ ಕಲಿಸಿದ ವಿದ್ಯೆ ಎರಡು ತಲೆಮಾರಿಗೆ ಉಪಯುಕ್ತವಾಗುವುದು.